ಏರ್‌ಲಾಕ್ ಗುಳ್ಳೆ ನಿಂತು ಮೂರು ದಿನ ಆಯ್ತು, ಬಾಟಲಿಗೆ ತುಂಬಬಹುದಾ?

ಹೊಸಬಕೆಟ್
ಎಲ್ರಿಗೂ ನಮಸ್ಕಾರ. ಮನೇಲೇ ಬಿಯರ್ ಮಾಡ್ತಿದ್ದೀನಿ, ಇದು ನನ್ನ ಎರಡನೇ ಬ್ಯಾಚು. ಮೊದಲನೇದು ಡಬ್ಬಿ ಎಕ್ಸ್‌ಟ್ರ್ಯಾಕ್ಟ್ ಕಿಟ್ಟಲ್ಲಿ ಮಾಡಿದ್ದೆ, ಈ ಸಲ ಧೈರ್ಯ ಮಾಡಿ ಮಾಲ್ಟ್ ಕಾಳಿಂದಲೇ ಶುರು ಮಾಡಿ 20 ಲೀಟರ್ ಪೇಲ್ ಏಲ್ ಇಟ್ಟಿದ್ದೀನಿ. ಯೀಸ್ಟ್ ಹಾಕಿದ ಮಾರನೇ ದಿನ ಬೆಳಿಗ್ಗೆಗೇ ಏರ್‌ಲಾಕ್ (ಮುಚ್ಚಳದ ಮೇಲೆ ಗ್ಯಾಸ್ ಹೊರಗೆ ಬಿಡೋ ನೀರಿನ ಕೊಳವೆ) ಬುಳಬುಳ ಅಂತ ಶುರುವಾಯ್ತು, ಎರಡು ದಿನ ಸೆಕೆಂಡಿಗೊಂದು ಗುಳ್ಳೆ, ಆಮೇಲೆ ನಿಧಾನ ಆಗ್ತಾ ಬಂದು ಐದನೇ ದಿನ ಪೂರ್ತಿ ಗಪ್‌ಚುಪ್. ಆರನೇ ದಿನ ಹೈಡ್ರೋಮೀಟರ್ (ಗ್ರ್ಯಾವಿಟಿ, ಅಂದ್ರೆ ದ್ರವದ ಸಾಂದ್ರತೆ ಅಳೆಯೋ ಗಾಜಿನ ಮೀಟರ್; ನೀರು 1.000, ಯೀಸ್ಟ್ ಸಕ್ಕರೆ ತಿಂದಂಗೆ ಸಂಖ್ಯೆ ಇಳಿಯುತ್ತೆ) ಹಾಕಿದ್ರೆ 1.018. ಇವತ್ತು ಎಂಟನೇ ದಿನ, ಮತ್ತೆ 1.018. ಶುರುವಿನಲ್ಲಿ 1.049 ಇತ್ತು. ರೆಸಿಪಿ ಪ್ರಕಾರ 1.012ಕ್ಕೆ ಇಳೀಬೇಕಂತೆ.

ಎರಡು ರೀಡಿಂಗ್ ಒಂದೇ ಬಂದ್ರೆ ಮುಗೀತು ಅಂತ ಎಲ್ಲಾ ಕಡೆ ಓದಿದ್ದೀನಿ, ಹಾಗಾಗಿ ನಾಳೆ ಸಕ್ಕರೆ ಹಾಕಿ ಬಾಟಲಿಗೆ ತುಂಬೋಣ ಅಂತಿದ್ದೀನಿ. ಬಾಟಲಿ ಎಲ್ಲಾ ತೊಳೆದು ಕವುಚಿ ಇಟ್ಟಾಗಿದೆ. 6 ಪಾಯಿಂಟ್ (0.006) ಹೆಚ್ಚು ಕಮ್ಮಿ ಆದ್ರೆ ಏನಾದ್ರೂ ತೊಂದ್ರೆ ಇದ್ಯಾ?

ಮಾಲ್ಟ್‌ರಾಯ
ತುಂಬಬೇಡಿ. ನಾಳೆ ಅಂತೂ ಖಂಡಿತ ಬೇಡ.

ಮೊದಲು ಮೂರು ವಿಷಯ ಹೇಳಿ. ಮ್ಯಾಶ್ (ಮಾಲ್ಟನ್ನ ಬಿಸಿನೀರಲ್ಲಿ ನೆನೆಸೋದು) ಎಷ್ಟು ಡಿಗ್ರಿಯಲ್ಲಿ ಮಾಡಿದ್ರಿ, ಬಕೆಟ್ ಈಗ ಎಷ್ಟು ಡಿಗ್ರಿ ಇದೆ (ರೂಮಿಂದಲ್ಲ, ಬಕೆಟ್‌ದು), ಮತ್ತೆ ಆ ಹೈಡ್ರೋಮೀಟರನ್ನ ಬರೀ ನೀರಲ್ಲಿ ಹಾಕಿ ಯಾವತ್ತಾದ್ರೂ ನೋಡಿದ್ದೀರಾ?

ಹಳೇಪೀಪಾಯಿ
ಯಾಕೆ ಹುಡುಗನ್ನ ಹೆದರಿಸ್ತೀರಿ. ನಾನು ಹದಿನೈದು ವರ್ಷದಿಂದ ಮಾಡ್ತಿದ್ದೀನಿ, ಹೈಡ್ರೋಮೀಟರ್ ಮುಟ್ಟಿಲ್ಲ. ಗುಳ್ಳೆ ನಿಲ್ಲಬೇಕು, ಮೇಲಿನ ನೊರೆ ಕೂರಬೇಕು, ಬಿಯರ್ ಮೇಲಿಂದ ತಿಳಿಯಾಗ್ತಾ ಬರಬೇಕು. ಇಷ್ಟಾದ್ರೆ ಮುಗೀತು. ಒಂದು ಬಾಟಲಿ ಒಡೆದಿಲ್ಲ ಇವತ್ತಿನವರೆಗೆ.

ನೊರೆಮೀಸೆ
ಎಂತ ಮಾರಾಯ್ರೆ, ಏರ್‌ಲಾಕ್ ಅನ್ನುವುದು ಗಾಳಿ ಒಳಗೆ ಬಾರದ ಹಾಗೆ ತಡೆಯುವ ಬಾಗಿಲು ಅಷ್ಟೆ, ಅದು ಮೀಟರ್ ಅಲ್ಲ. ನನ್ನ ಬಕೆಟಿನ ಮುಚ್ಚಳದ ರಬ್ಬರ್ ಒಂದು ಕಡೆ ಸ್ವಲ್ಪ ಸೆಟೆದುಕೊಂಡಿತ್ತು. ಮೂರು ಬ್ಯಾಚಿನಲ್ಲಿ ಒಂದೇ ಒಂದು ಗುಳ್ಳೆ ಬರಲಿಲ್ಲ, ಗ್ಯಾಸ್ ಎಲ್ಲ ಬದಿಯಿಂದ ಹೋಗಿದೆ, ಬಿಯರ್ ಮಾತ್ರ ಚಂದ ಆಗಿದೆ. ಇನ್ನೊಂದು ಸಲ ಉಲ್ಟಾ, ಎರಡು ವಾರ ಆಗಿ ಗ್ರ್ಯಾವಿಟಿ ಕದಲದೆ ಕೂತಿದೆ, ಆದರೂ ಮಧ್ಯಾಹ್ನ ಆದ ಕೂಡಲೇ ಗುಳ್ಳೆ ಶುರು. ಬಿಸಿಲಿಗೆ ಕೋಣೆ ಕಾದದ್ದು, ಬಿಯರಿನಲ್ಲಿ ಕರಗಿದ್ದ ಕಾರ್ಬನ್ ಡೈಆಕ್ಸೈಡ್ ಹೊರಗೆ ಬಂದದ್ದು, ಅಷ್ಟೆ. ಹೊರಗೆ ಗಾಳಿಯ ಒತ್ತಡ ಇಳಿದರೂ ಹಾಗೇ ಆಗ್ತದೆ.

ಹಳೇಪೀಪಾಯಿ
ಲೀಕ್ ಇರೋ ಬಕೆಟ್ ಇಟ್ಕೊಂಡು ಏರ್‌ಲಾಕ್ ಮೇಲೆ ತಪ್ಪು ಹೊರಿಸಿದ್ರೆ ಹೇಗೆ ಸ್ವಾಮಿ.

ಲ್ಯಾಗರ್‌ಲಕ್ಷ್ಮಿ
ಹಳೇಪೀಪಾಯಿ ಸರ್, ಒಂದು ಪ್ರಶ್ನೆ. ಗುಳ್ಳೆ ನಿಂತ ಮೇಲೆ ಎಷ್ಟು ದಿನ ಬಿಟ್ಟು ತುಂಬ್ತೀರಿ?

ಹಳೇಪೀಪಾಯಿ
ಒಟ್ಟು ಮೂರು ವಾರ ಬಿಡ್ತೀನಿ. ಒಮ್ಮೊಮ್ಮೆ ನಾಲ್ಕು.

ಲ್ಯಾಗರ್‌ಲಕ್ಷ್ಮಿ
ಅದೇ ನೋಡಿ ಸರ್. ನಿಮ್ಮ ಬಾಟಲಿ ಉಳಿಸಿರೋದು ಗುಳ್ಳೆ ಅಲ್ಲ, ಆ ಮೂರು ವಾರ. ಮಾಮೂಲಿ ಏಲ್ 18-20 ಡಿಗ್ರಿಯಲ್ಲಿ ಸಕ್ಕರೆಯ ಮುಕ್ಕಾಲು ಪಾಲು ಕೆಲಸ ಮೂರು-ನಾಲ್ಕು ದಿನದಲ್ಲೇ ಮುಗಿಸುತ್ತೆ, ಉಳಿದಿದ್ದನ್ನ ನಿಧಾನಕ್ಕೆ ತಿಂದು ತಾನೇ ಬಿಟ್ಟಿದ್ದ ಹಸಿ ವಾಸನೆಗಳನ್ನೂ ವಾಪಸ್ ಎಳ್ಕೊಳ್ಳೋಕೆ ಇನ್ನೊಂದು ವಾರ ಬೇಕು. ನೀವು ಅದಕ್ಕೂ ಮೇಲೆ ಟೈಮ್ ಕೊಡ್ತೀರಿ. ಇವರು ಎಂಟನೇ ದಿನಕ್ಕೆ ತುಂಬೋಕೆ ಹೊರಟಿದ್ದಾರೆ, ಎರಡೂ ಒಂದೇ ಅಲ್ಲ.

ಹೊಸಬಕೆಟ್
ಇಷ್ಟು ಬೇಗ ಉತ್ತರ ಬರುತ್ತೆ ಅಂದ್ಕೊಂಡಿರಲಿಲ್ಲ, ಥ್ಯಾಂಕ್ಸ್. @ಮಾಲ್ಟ್‌ರಾಯ ಮ್ಯಾಶ್ 66 ಡಿಗ್ರಿ, ಒಂದು ಗಂಟೆ. ಯೀಸ್ಟ್ ಒಣ ಏಲ್ ಯೀಸ್ಟ್, ಪ್ಯಾಕೆಟ್ ಮೇಲೆ ಅಟೆನ್ಯುಯೇಶನ್ (ಶುರುವಿನ ಪಾಯಿಂಟಲ್ಲಿ ಎಷ್ಟು ಪಾಲು ಇಳಿಯುತ್ತೆ ಅನ್ನೋದು) 75-80% ಅಂತ ಇದೆ. ಬಕೆಟ್‌ಗೆ ಅಂಟಿಸಿರೋ ಪಟ್ಟಿ ಈಗ 15 ತೋರಿಸ್ತಿದೆ, ಶುರುವಲ್ಲಿ 21 ಇತ್ತು. ಕಲ್ಲಿನ ನೆಲದ ಮೇಲೆ ಇಟ್ಟಿದ್ದೀನಿ, ಈ ವಾರ ರಾತ್ರಿ ಚಳಿ ಜಾಸ್ತಿ ಆಗಿದೆ. ಹೈಡ್ರೋಮೀಟರ್ ನೀರಲ್ಲಿ ನೋಡಿಲ್ಲ, ಈಗ ನೋಡ್ತೀನಿ.

ಮಾಲ್ಟ್‌ರಾಯ
15 ಅಂದ್ರೆ ಅಲ್ಲೇ ಅರ್ಧ ಉತ್ತರ ಸಿಕ್ತು. ಮೊದಲ ಎರಡು-ಮೂರು ದಿನ ಯೀಸ್ಟ್ ಜೋರಾಗಿ ಕೆಲಸ ಮಾಡುವಾಗ ತನ್ನ ಶಾಖಕ್ಕೇ ಬಿಯರನ್ನ ರೂಮಿಗಿಂತ ಕೆಲವು ಡಿಗ್ರಿ ಮೇಲೆ ಇಟ್ಟಿರುತ್ತೆ. ಜೋರು ಇಳಿದ ತಕ್ಷಣ ಆ ಶಾಖ ಹೋಗುತ್ತೆ, ಕೆಳಗೆ ತಣ್ಣನೆ ಕಲ್ಲು, ರಾತ್ರಿ ಚಳಿ. ಯೀಸ್ಟ್ ಇನ್ನೂ ಊಟ ಮುಗಿಸದೇ ತಳಕ್ಕೆ ಇಳಿದು ಮಲಗಿಬಿಡುತ್ತೆ. ಆಗ ನೀವು ಎರಡಲ್ಲ, ನಾಲ್ಕು ರೀಡಿಂಗ್ ತಗೊಂಡ್ರೂ ಒಂದೇ ಬರುತ್ತೆ.

ನಿಂತಿದೆ ಅನ್ನೋದು ಬೇರೆ, ಮುಗಿದಿದೆ ಅನ್ನೋದು ಬೇರೆ. ಎರಡು ರೀಡಿಂಗ್ ಒಂದೇ ಇದ್ರೆ ನಿಂತಿದೆ ಅಂತ ಮಾತ್ರ ಗೊತ್ತಾಗುತ್ತೆ. ಮುಗಿದಿದ್ಯಾ ಅಂತ ಗೊತ್ತಾಗಬೇಕಾದ್ರೆ ಅದು ನಿಂತಿರೋ ಜಾಗ ಆ ಮಾಲ್ಟಿಗೆ ಆ ಯೀಸ್ಟಿಗೆ ಸರಿಹೊಂದುತ್ತಾ ಅಂತ ನೋಡಬೇಕು.

ಜವಾರಿಯೀಸ್ಟ್
ಮಾಲ್ಟ್‌ರಾಯ ಅವರು ಹೇಳಿದ್ದು ಖರೇ ಐತಿ. ಲೆಕ್ಕ ಹಾಕ್ರಿ ನೀವಾ. 1.049ರಿಂದ 1.018 ಅಂದ್ರ 49ರಾಗ 31 ಹೋಗ್ಯಾವ, 63% ಆತು. ಪ್ಯಾಕೆಟ್ ಮ್ಯಾಲೆ 75 ಅಂತ ಬರದಾರ. 66 ಡಿಗ್ರಿ ಮ್ಯಾಶಿಗೆ 63%ಕ್ಕ ನಿಲ್ಲೂ ಕಾರಣ ಇಲ್ಲ. 69-70ರಾಗ ಮ್ಯಾಶ್ ಮಾಡಿದ್ರ, ಇಲ್ಲಾ ಲ್ಯಾಕ್ಟೋಸ್ (ಯೀಸ್ಟ್ ತಿನ್ನದ ಹಾಲಿನ ಸಕ್ಕರಿ) ಹಾಕಿದ್ರ, ಕ್ರಿಸ್ಟಲ್ ಮಾಲ್ಟ್ ಭಾಳ ಹಾಕಿದ್ರ ಮ್ಯಾಲೇ ನಿಂದರತೈತಿ, ಅದು ಬ್ಯಾರೆ ಮಾತು.

ಹೊಸಬಕೆಟ್
ನೀರಲ್ಲಿ ನೋಡ್ದೆ. 20 ಡಿಗ್ರಿ ನೀರು. 0.997 ತೋರಿಸ್ತಿದೆ!! ಎರಡು ಸಲ ಒರೆಸಿ ಹಾಕಿದೆ, ಅದೇ ಬಂತು. ಟಾರ್ಚ್ ಹಿಡಿದು ನೋಡಿದ್ರೆ ಕೊಳವೆ ಒಳಗಿನ ಕಾಗದದ ಪಟ್ಟಿ ಒಂದಿಷ್ಟೇ ಇಷ್ಟು ಕೆಳಗೆ ಜಾರಿದೆ, ಮೇಲೆ ಅಂಟಿನ ಹಳದಿ ಕಲೆ ಇದೆ, ಕಾಗದದ ತುದಿ ಅದರಿಂದ ಬಿಟ್ಟು ಬಂದಿದೆ. ಅಂದ್ರೆ ಎಲ್ಲಾ ರೀಡಿಂಗೂ ತಪ್ಪಾ?

ಮಾಲ್ಟ್‌ರಾಯ
ಎಲ್ಲದಕ್ಕೂ 3 ಸೇರಿಸಿ. ಶುರು 1.052, ಈಗ 1.021. ಇಳಿದಿರೋದು ಅದೇ 31 ಪಾಯಿಂಟೇ, ಹಾಗಾಗಿ ಆಲ್ಕೋಹಾಲ್ ಲೆಕ್ಕ ಬದಲಾಗಲ್ಲ, ನಿಂತಿದ್ಯಾ ಅಂತ ನೋಡೋದಕ್ಕೂ ಈ ಮೀಟರೇ ಸಾಕು. ಆದ್ರೆ 1.012ರ ಗುರಿಗೆ ಹೋಲಿಸ್ತೀರಲ್ಲ, ಅಲ್ಲಿ ಮೋಸ ಆಗುತ್ತೆ. ನೀವು 6 ಪಾಯಿಂಟ್ ಬಾಕಿ ಅಂದ್ಕೊಂಡಿದ್ರಿ, ನಿಜವಾಗಿ 9 ಬಾಕಿ ಇದೆ. 60% ಅಷ್ಟೇ ಆಗಿರೋದು.

ಗಾಜುಚೂರು
ನಾನು ಇಲ್ಲಿ ಜಾಸ್ತಿ ಬರೆಯಲ್ಲ, ಆದ್ರೆ ಇದನ್ನ ಓದಿ ಸುಮ್ನೆ ಇರೋಕಾಗ್ಲಿಲ್ಲ.

ನನ್ನ ನಾಲ್ಕನೇ ಬ್ಯಾಚ್. ಗುಳ್ಳೆ ನಿಂತಿತ್ತು, ನೊರೆ ಕೂತಿತ್ತು, ತುಂಬಿದೆ. ಎರಡು ವಾರ ಕಪಾಟಲ್ಲಿ ಇಟ್ಟಿದ್ದೆ. ಒಂದು ರಾತ್ರಿ ಅಡುಗೆಮನೆ ಕಡೆಯಿಂದ ಢಂ ಅಂತ ಸದ್ದು, ಸಿಲಿಂಡರ್ ಏನಾದ್ರೂ ಆಯ್ತಾ ಅಂತ ನಮ್ಮನೆಯವರು ಓಡಿಬಂದ್ರು. ಅಷ್ಟರಲ್ಲಿ ಇನ್ನೊಂದು ಢಂ. ಕಪಾಟಿನ ಬಾಗಿಲು ಮುಚ್ಚಿತ್ತು, ಅದೇ ನಮ್ಮ ಪುಣ್ಯ. ಬಾಗಿಲ ಸಂದಿಯಿಂದ ಬಿಯರ್ ಸುರೀತಿತ್ತು. ಮಾರನೇ ದಿನ ತೆಗೆದು ನೋಡಿದ್ರೆ ಬಾಗಿಲಿನ ಒಳಮೈಗೆ, ಮರದೊಳಕ್ಕೆ, ಉಗುರಿನಷ್ಟು ಗಾಜಿನ ಚೂರು ನೆಟ್ಟಗೆ ಚುಚ್ಕೊಂಡು ನಿಂತಿದೆ. ಇಕ್ಕಳ ಹಾಕಿ ಕಿತ್ತೆ. ನನ್ನ ಮಗಳ ಮುಖದ ಎತ್ತರಕ್ಕೆ ಸರಿಯಾಗಿತ್ತು ಅದು.

ಉಳಿದ ಬಾಟಲಿಗಳನ್ನ ಏನು ಮಾಡೋದು ಅಂತ ಆವತ್ತು ಹೇಳಿಕೊಟ್ಟವರು ಇದ್ರು ಅಂತ ಬಚಾವಾದೆ. ಕೈಗೆ ದಪ್ಪ ಚರ್ಮದ ಗ್ಲೌಸ್, ಕಣ್ಣಿಗೆ ಕನ್ನಡಕ, ಮೈಮೇಲೆ ದಪ್ಪ ಜಾಕೆಟ್, ಬಾಟಲಿಗಳ ಮೇಲೆ ಒದ್ದೆ ಕಂಬಳಿ ಹೊದಿಸಿ, ಕಂಬಳಿ ಮೇಲೇ ಐಸ್ ಸುರಿದು ತಣ್ಣಗಾಗೋವರೆಗೂ ಮುಟ್ಟಲಿಲ್ಲ. ತಣ್ಣಗಾದ್ರೆ ಗ್ಯಾಸ್ ಬಿಯರಿನೊಳಗೆ ಕರಗಿ ಒತ್ತಡ ಇಳಿಯುತ್ತೆ. ಆಮೇಲೆ ಕಂಬಳಿ ಒಳಗಿಂದಲೇ ಒಂದೊಂದಾಗಿ ಮುಚ್ಚಳ ಸಡಿಲಿಸಿದ್ದು. ಒಂದು ಬಾಟಲಿದು ಗ್ಯಾಸ್ ಪೂರ್ತಿ ಹೋಗೋವರೆಗೂ ಕಲಕಿ ಹೈಡ್ರೋಮೀಟರ್ ಹಾಕಿದ್ರೆ 1.011. ತುಂಬುವಾಗ 1.020 ಇದ್ದಿರಬೇಕು ಅಂತ ಆಮೇಲೆ ಲೆಕ್ಕ ಹಾಕಿದ್ವಿ.

ಹೊಸಬಕೆಟ್ ಅವ್ರೇ, ನಿಮ್ಮ ಸಂಖ್ಯೆಯೂ ಹೆಚ್ಚುಕಮ್ಮಿ ಅದೇ. ದಯವಿಟ್ಟು ತುಂಬಬೇಡಿ.

ನೊರೆಮೀಸೆ
ಓದಿ ಮೈ ಜುಂ ಅಂತು ಅಕ್ಕ. ಮಗುವಿಗೆ ಏನೂ ಆಗಲಿಲ್ಲವಲ್ಲ, ಅದು ದೊಡ್ಡದು.

ಜವಾರಿಯೀಸ್ಟ್
ಇದರ ಹಿಂದಿನ ಲೆಕ್ಕ ಎಲ್ಲಾರಿಗೂ ಗೊತ್ತಿರ್ಲಿ. ಮುಚ್ಚಿದ ಬಾಟಲಿಯಾಗ ಗ್ರ್ಯಾವಿಟಿ 1 ಪಾಯಿಂಟ್ ಇಳದ್ರ ಸುಮಾರು ಅರ್ಧ ವಾಲ್ಯೂಮ್ ಗ್ಯಾಸ್ ಆಕ್ಕೈತಿ. ವಾಲ್ಯೂಮ್ ಅಂದ್ರ ಒಂದು ಲೀಟರ್ ಬಿಯರಿನ್ಯಾಗ ಒಂದು ಲೀಟರ್ ಗ್ಯಾಸ್ ಕರಗಿದ್ಹಂಗ. ಮಾಮೂಲಿ ಏಲಿಗೆ ನಾವು ಬೇಕಂತಲೇ ಸಕ್ಕರಿ ಹಾಕಿ ತರೂದು 2.2 ರಿಂದ 2.6. ಅದರ ಮ್ಯಾಲೆ 9 ಪಾಯಿಂಟ್ ಬಾಕಿ ಇದ್ರ ಇನ್ನೊಂದು ನಾಕೂವರಿ. ಒಟ್ಟು ಏಳರ ಹತ್ರ ಹೋತು. ಸಾದಾ ಬಿಯರ್ ಬಾಟಲಿ ಅದನ್ನ ತಡಕೊಳ್ಳೂದಿಲ್ಲ. 2 ಪಾಯಿಂಟ್ ಬಾಕಿ ಇದ್ರನ ಬಿಯರ್ ತಗದ ಕೂಡ್ಲೆ ಕಾರಂಜಿ ಏಳತೈತಿ.

ಹಳೇಪೀಪಾಯಿ
ಸರಿ, ಬಾಕಿ ಇದೆ ಅಂತ ಒಪ್ಕೊಂಡೆ, ನಾನೂ ಎಂಟನೇ ದಿನ ತುಂಬು ಅಂತ ಹೇಳಿರಲಿಲ್ಲ. ಗಾಜುಚೂರು ಅವ್ರೇ, ಕೇಳಿ ಬೇಜಾರಾಯ್ತು. ಆದ್ರೂ ನನ್ನದೊಂದು ಮಾತು. ಮೀಟರ್ ಹಿಡಿದವರು ದಿನಾ ಮುಚ್ಚಳ ತೆಗೆದು ತೆಗೆದು ಗಾಳಿ ಆಡಿಸ್ತಾರೆ, ಬಿಯರ್ ಹಳಸಲು ಕಾಗದದ ವಾಸನೆ ಹೊಡೆಯೋಕೆ ಅದೇ ಕಾರಣ. ಬಿಟ್ಟುಬಿಡಿ, ಅದರ ಪಾಡಿಗೆ ಅದು ಮುಗಿಸುತ್ತೆ.

ಲ್ಯಾಗರ್‌ಲಕ್ಷ್ಮಿ
ಇದು ನ್ಯಾಯವಾದ ಮಾತು, ದಿನಾ ತೆಗೀಬಾರದು. ಏಳು-ಎಂಟನೇ ದಿನದವರೆಗೂ ಮುಟ್ಟೋದೇ ಬೇಡ, ಆಮೇಲೆ ಎರಡು-ಮೂರು ದಿನಕ್ಕೊಂದು ಸಲ. ನಲ್ಲಿ ಇರೋ ಬಕೆಟ್ ಆದ್ರೆ ಮುಚ್ಚಳ ತೆಗೆಯೋ ಪ್ರಶ್ನೆಯೇ ಇಲ್ಲ, ಸ್ಯಾನಿಟೈಸರ್ ಸ್ಪ್ರೇ ಮಾಡಿ ಜಾಡಿಗೆ 100 ಮಿಲಿ ಇಳಿಸ್ಕೊಳ್ಳೋದು. ಅಳೆದಿದ್ದನ್ನ ವಾಪಸ್ ಸುರೀಬೇಡಿ, ಕುಡಿದು ನೋಡಿ. ಸಿಹಿ ಉಳಿದಿದ್ಯಾ, ಹಸಿ ಸೇಬಿನ ವಾಸನೆ ಇದ್ಯಾ ಅನ್ನೋದು ನಾಲಿಗೆಗೇ ತಿಳಿಯುತ್ತೆ.

ಆದ್ರೆ ಸರ್, 15 ಡಿಗ್ರಿಯಲ್ಲಿ ಮಲಗಿರೋ ಏಲ್ ಯೀಸ್ಟ್ ಅದರ ಪಾಡಿಗೆ ಮುಗಿಸಲ್ಲ. ಎಬ್ಬಿಸಬೇಕು.

ಹೊಸಬಕೆಟ್
ಹೇಗೆ ಎಬ್ಬಿಸೋದು? ಇನ್ನೊಂದು ಪ್ಯಾಕೆಟ್ ಯೀಸ್ಟ್ ಹಾಕ್ಲಾ?

ಮಾಲ್ಟ್‌ರಾಯ
ಅದು ಕೊನೇ ಉಪಾಯ. ಮೊದಲು ಬಕೆಟನ್ನ ನೆಲದಿಂದ ಎತ್ತಿ ಮಣೆ ಮೇಲಿಡಿ, ಕಂಬಳಿ ಸುತ್ತಿ, 20-21ಕ್ಕೆ ಬರಲಿ. ಬಂದ ಮೇಲೆ ಮುಚ್ಚಳ ತೆಗೆಯದೆ ಬಕೆಟನ್ನ ಎರಡು ಕೈಲಿ ಹಿಡಿದು ನಿಧಾನ ವೃತ್ತಾಕಾರದಲ್ಲಿ ಅಲ್ಲಾಡಿಸಿ, ತಳದ ಗಸಿ ಮೇಲೆದ್ದು ಮೋಡದ ಥರ ಹರಡಬೇಕು, ಆದ್ರೆ ಬಿಯರ್ ದಡದಡ ಅಂತ ಎಗರಬಾರದು. ಬಿಸಿ ಆಗುವಾಗ ಏರ್‌ಲಾಕ್ ಮತ್ತೆ ಗುಳ್ಳೆ ಬಿಡುತ್ತೆ, ಅದನ್ನ ನೋಡಿ ಖುಷಿ ಪಡಬೇಡಿ, ಕರಗಿದ ಗ್ಯಾಸೂ ಅದರಲ್ಲಿ ಇರುತ್ತೆ. ಮೂರು ದಿನ ಬಿಟ್ಟು ಅಳೀರಿ.

ಜೊತೆಗೆ ಇನ್ನೊಂದು ಕೆಲಸ ಇವತ್ತೇ ಮಾಡಿ. ಒಂದು ಕಾಲು ಲೀಟರ್ ಬಿಯರ್ ತಗೊಂಡು ಚೊಕ್ಕ ಬಾಟಲಿಗೆ ಹಾಕಿ, ಒಂದು ಚಿಟಿಕೆ ಅಲ್ಲ, ಅರ್ಧ ಚಮಚ ಒಣ ಯೀಸ್ಟ್ ಹಾಕಿ, ಮುಚ್ಚಳ ಬಿಗಿ ಮಾಡದೇ ಮೇಲೆ ಫಾಯಿಲ್ ಹೊದಿಸಿ, 25-27 ಡಿಗ್ರಿ ಇರೋ ಬೆಚ್ಚನೆ ಜಾಗದಲ್ಲಿಟ್ಟು ಆಗಾಗ ಕಲಕ್ತಾ ಇರಿ. ಇದು ಫಾಸ್ಟ್ ಫರ್ಮೆಂಟ್ ಟೆಸ್ಟು. ಅಷ್ಟು ಯೀಸ್ಟು ಅಷ್ಟು ಬೆಚ್ಚಗೆ ಇದ್ರೆ ಎರಡು-ಮೂರು ದಿನದಲ್ಲಿ ಹುದುಗೋಕೆ ಸಾಧ್ಯ ಇರೋದೆಲ್ಲ ಹುದುಗಿಬಿಡುತ್ತೆ. ಅದು ಎಲ್ಲಿ ನಿಲ್ಲುತ್ತೋ ಅದೇ ನಿಮ್ಮ ಬಿಯರಿನ ತಳ. ರೆಸಿಪಿ ಬರೆದವರ ಊಹೆ ಬೇಕಾಗಲ್ಲ. ನನ್ನ ಪ್ರಕಾರ ಪ್ರತಿ ಬ್ಯಾಚಿಗೂ ಇದನ್ನ ಮಾಡಬೇಕು, ಇಷ್ಟು ಸುಲಭದ ಪರೀಕ್ಷೆಯನ್ನ ಜನ ಯಾಕೆ ಮಾಡಲ್ಲ ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ. ಒಂದೇ ಷರತ್ತು, ಆ ಯೀಸ್ಟ್ ನೀವು ಬಕೆಟ್‌ಗೆ ಹಾಕಿದ ಯೀಸ್ಟೇ ಆಗಿರಬೇಕು.

ಪಟ್ಟಕಗಾಜು
ಇಷ್ಟೆಲ್ಲಾ ಯಾಕೆ, ರಿಫ್ರ್ಯಾಕ್ಟೋಮೀಟರ್ ತಗೊಳ್ಳಿ. ಎರಡು ಹನಿ ಸಾಕು, 100 ಮಿಲಿ ದಂಡ ಇಲ್ಲ.

ಜವಾರಿಯೀಸ್ಟ್
ಹುದುಗಿದ ಮ್ಯಾಲೆ ರಿಫ್ರ್ಯಾಕ್ಟೋಮೀಟರ್ ಸುಳ್ಳ ಹೇಳತೈತಿ. ಅದು ನೋಡೂದು ಬೆಳಕು ಎಷ್ಟು ಬಾಗತೈತಿ ಅಂತ, ಆಲ್ಕೋಹಾಲ್ ಅದನ್ನ ಕೆಡಸತೈತಿ. 1.052 ಬಿಯರ್ 1.012ಕ್ಕ ಇಳದ್ರೂ ಅದರಾಗ 6.5 ರಿಂದ 7 ಬ್ರಿಕ್ಸ್ (ಸಕ್ಕರಿ ಅಳತಿ) ಕಾಣಸತೈತಿ, ಹಂಗ ನೇರ ಓದಿದ್ರ 1.026 ಅಂತ ತಿಳಕೊಂಡು ತಲಿ ಮ್ಯಾಲೆ ಕೈ ಹೊತ್ಕೊಂಡು ಕೂಡಬೇಕು.

ಪಟ್ಟಕಗಾಜು
ಅದಕ್ಕೆ ಕರೆಕ್ಷನ್ ಸೂತ್ರ ಇದ್ಯಲ್ಲ ಅಣ್ಣ. ಶುರುವಿನ ಬ್ರಿಕ್ಸ್, ಈಗಿನ ಬ್ರಿಕ್ಸ್ ಎರಡೂ ಹಾಕಿದ್ರೆ ಅಂದಾಜು ಬರುತ್ತೆ. ನಾನು ಹೇಳಿದ್ದು ಬದಲಾಗ್ತಿದ್ಯಾ ಇಲ್ವಾ ಅಂತ ನೋಡೋಕೆ. ಬ್ರಿಕ್ಸ್ ಮೂರು ದಿನ ಒಂದೇ ಇದ್ರೆ ಗ್ರ್ಯಾವಿಟಿಯೂ ಒಂದೇ ಇರಬೇಕಲ್ವಾ?

ಜವಾರಿಯೀಸ್ಟ್
ಅದಕ್ಕಾದ್ರ ನಡೀತೈತಿ, ಒಪ್ಪಿದೆ. ಕಡೇ ಸಂಖ್ಯೆ ಮಾತ್ರ ಗಾಜಿನ ಮೀಟರಿಂದ ತಗೋರಿ.

ಟಿಲ್ಟಪ್ಪ
ನಾನು ಬಿಯರೊಳಗೇ ತೇಲೋ ಡಿಜಿಟಲ್ ಮೀಟರ್ ಬಳಸ್ತೀನಿ. ಓರೆಯಾಗಿ ತೇಲುತ್ತೆ, ಗ್ರ್ಯಾವಿಟಿ ಇಳಿದಂಗೆ ಓರೆ ಬದಲಾಗುತ್ತೆ, ಫೋನಲ್ಲಿ ಗೆರೆ ಕಾಣಿಸುತ್ತೆ. ನೊರೆ ಅಂಟ್ಕೊಂಡ್ರೆ ಎರಡು-ಮೂರು ಪಾಯಿಂಟ್ ಹೆಚ್ಚುಕಮ್ಮಿ ತೋರಿಸುತ್ತೆ, ಹಾಗಾಗಿ ಸಂಖ್ಯೆ ನಂಬಲ್ಲ, ಗೆರೆ ನಂಬ್ತೀನಿ. ಗೆರೆ ಎರಡು ದಿನ ಮಟ್ಟಸ ಆದ್ಮೇಲೆ ಒಂದೇ ಸಲ ಹೈಡ್ರೋಮೀಟರ್.

ಹಾಪ್‌ಸುಬ್ಬಿ
ಮೀಟರ್ ಓದೋ ವಿಷಯ ಬಂತಲ್ಲ ಅಂತ ಹೇಳ್ತಿದ್ದೀನಿ, ಸ್ಯಾಂಪಲ್‌ನ ಗ್ಯಾಸ್ ತೆಗೀದೆ ಓದಬೇಡಿ ಯಾರೂ. ಎರಡು ಲೋಟದ ಮಧ್ಯೆ ಹತ್ತು-ಹದಿನೈದು ಸಲ ಎತ್ತರದಿಂದ ಹೊಯ್ದು ಗ್ಯಾಸ್ ಬಿಡಿಸಿ. ಇಲ್ಲಾಂದ್ರೆ ಸಣ್ಣ ಗುಳ್ಳೆಗಳು ಮೀಟರಿನ ಹೊಟ್ಟೆಗೆ ಕಚ್ಕೊಂಡು ಅದನ್ನ ಮೇಲೆತ್ತುತ್ತವೆ, ಎರಡು ಪಾಯಿಂಟ್ ಜಾಸ್ತಿ ತೋರಿಸುತ್ತೆ. ಜಾಡಿಯಲ್ಲಿ ಬಿಟ್ಟ ತಕ್ಷಣ ಬೆರಳಲ್ಲಿ ತಿರುಗಿಸಿ ಬಿಡಿ, ಗುಳ್ಳೆ ಉದುರುತ್ತೆ. ಗೋಡೆಗೆ ತಾಗಿರಬಾರದು. ಕಣ್ಣನ್ನ ದ್ರವದ ಮಟ್ಟಕ್ಕೆ ತಂದು, ಅಂಚಿನಲ್ಲಿ ಮೇಲೇರಿರೋ ಗೆರೆ ಅಲ್ಲ, ನಡುವಿನ ಮಟ್ಟ ಓದಿ. ಮತ್ತೆ ಮೀಟರ್ ಮೇಲೆ ಎಷ್ಟು ಡಿಗ್ರಿಗೆ ಮಾಡಿದ್ದು ಅಂತ ಬರೆದಿರುತ್ತೆ, ಕೆಲವು 15.5, ಕೆಲವು 20. ಸ್ಯಾಂಪಲ್ ಅದೇ ಡಿಗ್ರಿಗೆ ಬರಲಿ, ಗೊಂದಲವೇ ಇಲ್ಲ.

ಹೊಸಬಕೆಟ್
ಹಾಪ್‌ಸುಬ್ಬಿ ಮೇಡಂ, ನಾನು ಗ್ಯಾಸ್ ತೆಗೆದಿರಲಿಲ್ಲ. ಅಂದ್ರೆ 1.021 ಅಲ್ಲದೇನೂ ಇರಬಹುದಾ?

ಹಾಪ್‌ಸುಬ್ಬಿ
1.019 ಇರಬಹುದು, 1.021 ಇರಬಹುದು. ಹೇಗಿದ್ರೂ ಮುಗಿದಿಲ್ಲ.

ಲ್ಯಾಗರ್‌ಲಕ್ಷ್ಮಿ
ಸ್ವಲ್ಪ ವಿಷಯ ಬಿಟ್ಟು ಹೋಗ್ತೀನಿ, ಕ್ಷಮಿಸಿ. ಗ್ರ್ಯಾವಿಟಿ ನಿಂತರೂ ಬಿಯರ್ ಮುಗಿದಿಲ್ಲ ಅನ್ನೋ ಇನ್ನೊಂದು ಸ್ಥಿತಿ ಇದೆ, ಲ್ಯಾಗರ್ ಮಾಡೋರಿಗೆ ಇದು ತುಂಬಾ ಮುಖ್ಯ. ಯೀಸ್ಟ್ ಡಯಾಸಿಟೈಲ್ ಅನ್ನೋ ಬೆಣ್ಣೆ ವಾಸನೆಯ ವಸ್ತುವಿಗೆ ಮೂಲ ಆಗೋ ಇನ್ನೊಂದನ್ನ ಹೊರಗೆ ಬಿಟ್ಟಿರುತ್ತೆ, ಅದಕ್ಕೆ ಆಗ ವಾಸನೆ ಇರಲ್ಲ. ಬಾಟಲಿಗೆ ಹೋದ ಮೇಲೆ ನಿಧಾನಕ್ಕೆ ಬೆಣ್ಣೆ ಆಗುತ್ತೆ. ಅದನ್ನ ಮೊದಲೇ ಹಿಡಿಯೋಕೆ ನಾನು ಮಾಡೋದು ಇಷ್ಟು. ಎರಡು ಸಣ್ಣ ಜಾಡಿ, ಎರಡಕ್ಕೂ ಒಂದಿಷ್ಟು ಬಿಯರ್. ಒಂದನ್ನ ಮುಚ್ಚಿ 60-70 ಡಿಗ್ರಿ ಬಿಸಿನೀರಲ್ಲಿ ಅರ್ಧ ಗಂಟೆ ಇಟ್ಟು, ಆಮೇಲೆ ತಣ್ಣೀರಲ್ಲಿಟ್ಟು ಇನ್ನೊಂದರ ಮಟ್ಟಕ್ಕೆ ತಣ್ಣಗೆ ಮಾಡಿ. ಎರಡನ್ನೂ ಮೂಸಿ ನೋಡಿ. ಬಿಸಿ ಮಾಡಿದ್ದರಲ್ಲಿ ಬೆಣ್ಣೆ ವಾಸನೆ ಬಂದ್ರೆ ಯೀಸ್ಟ್ ಜೊತೆ ಇನ್ನೂ ಎರಡು-ಮೂರು ದಿನ ಬೆಚ್ಚಗೆ ಬಿಡಿ.

ಲ್ಯಾಗರ್ 10-12 ಡಿಗ್ರಿಯಲ್ಲಿ ಹುದುಗುತ್ತೆ, ಹಾಗಾಗಿ ಕೊನೇ ನಾಲ್ಕೈದು ಪಾಯಿಂಟ್ ಇರುವಾಗಲೇ ನಾನು 16-18ಕ್ಕೆ ಏರಿಸ್ತೀನಿ. ಪೂರ್ತಿ ನಿಂತ ಮೇಲೆ ಏರಿಸಿದ್ರೆ ಯೀಸ್ಟ್ ಎದ್ದೇಳೋಕೆ ಮನಸು ಮಾಡಲ್ಲ.

ಹಾಪ್‌ಸುಬ್ಬಿ
ವಿಷಯ ಬಿಟ್ಟು ಹೋಗಿಲ್ಲ ಅಕ್ಕ, ಇದೂ ಇದೇ ವಿಷಯ. ನಾನೂ ಒಂದು ಸೇರಿಸ್ತೀನಿ. ಡ್ರೈ ಹಾಪ್ ಮಾಡೋರು (ಹುದುಗಿದ ಬಿಯರಿಗೆ ಸುವಾಸನೆಗೆ ಅಂತ ಹಾಪ್ ಹೂವು ಹಾಕೋರು) ಹಾಪ್ ಹಾಕೋಕೆ ಮುಂಚೆ ಎರಡು ರೀಡಿಂಗ್ ಒಂದೇ ಬಂತು ಅಂತ ನಿಶ್ಚಿಂತೆಯಿಂದ ಇರಬೇಡಿ. ಹಾಪ್‌ನಲ್ಲೇ ಇರೋ ಕಿಣ್ವಗಳು ಯೀಸ್ಟ್ ತಿನ್ನೋಕಾಗದ ಡೆಕ್ಸ್‌ಟ್ರಿನ್ ಅನ್ನ ತಿನ್ನೋ ಸಕ್ಕರೆಯಾಗಿ ಒಡೆಯುತ್ತವೆ, ಮಲಗಿದ್ದ ಯೀಸ್ಟ್ ಮತ್ತೆ ಏಳುತ್ತೆ. ಹಾಪ್ ಕ್ರೀಪ್ ಅಂತಾರೆ. ಹೊಸ ವಿಷಯವೇನಲ್ಲ, ಇಂಗ್ಲೆಂಡಿನಲ್ಲಿ ಬ್ರೌನ್ ಮತ್ತು ಮೋರಿಸ್ 1893ರಲ್ಲೇ ಇದನ್ನ ಕಂಡು ಬರೆದಿದ್ರು, ಹಾಪ್ ಕಮ್ಮಿ ಹಾಕೋ ಕಾಲದಲ್ಲಿ ಎಲ್ರೂ ಮರೆತುಬಿಟ್ರು. ನನ್ನ ಕಳೆದ ಐಪಿಎ (ಹಾಪ್ ಜಾಸ್ತಿ ಹಾಕೋ ಏಲ್) 1.013ರಲ್ಲಿ ಕೂತಿತ್ತು, ಹಾಪ್ ಹಾಕಿ ಐದನೇ ದಿನ 1.010. ಹಾಪ್ ಹಾಕಿದ ಮೇಲೂ ಎರಡು ರೀಡಿಂಗ್ ತಗೊಳ್ಳಿ.

ಟಿಲ್ಟಪ್ಪ
ಸೈಸಾನ್ (ಬೆಲ್ಜಿಯಂ ಕಡೆಯ ಒಂದು ಏಲ್) ಯೀಸ್ಟ್ ಕೂಡ ಹೀಗೇ. ಕೆಲವು ಯೀಸ್ಟ್ ತಾನೇ ಆ ಕಿಣ್ವ ಮಾಡುತ್ತೆ, ಡಯಾಸ್ಟಾಟಿಕಸ್ ಅಂತ ಪ್ಯಾಕೆಟ್ ಮೇಲೆ ಬರೆದಿರುತ್ತೆ. 1.010ರಲ್ಲಿ ಒಂದು ವಾರ ನಿಂತಂಗೆ ಕಾಣಿಸಿ ಒಂದು ತಿಂಗಳಲ್ಲಿ 1.003 ಆಗಿರುತ್ತೆ. ಅದೇ ಪೈಪಲ್ಲಿ ಅದೇ ಬಕೆಟಲ್ಲಿ ಮುಂದಿನ ಏಲ್ ಮಾಡಿದ್ರೆ ಅದಕ್ಕೂ ಹತ್ತಿಕೊಳ್ಳುತ್ತೆ, ಸರಿಯಾಗಿ ತೊಳೀರಿ.

ಹಳೇಪೀಪಾಯಿ
ನನ್ನ ತಾತನ ಕಾಲದ ಬ್ರೂವರ್‌ಗಳು ಇದ್ಯಾವುದೂ ಇಲ್ಲದೇ ಮಾಡ್ತಿದ್ರು ಅಂತ ವಾದ ಮಾಡೋಣ ಅಂದ್ಕೊಂಡೆ.

ಮಾಲ್ಟ್‌ರಾಯ
ತಾತನ ಕಾಲಕ್ಕೆ ಹೈಡ್ರೋಮೀಟರ್ ಹಳೇದಾಗಿತ್ತು ಸರ್. ಜಾನ್ ರಿಚರ್ಡ್‌ಸನ್ ಅನ್ನೋರು ಬ್ರೂವರ್‌ಗಳಿಗೆ ಅಂತಲೇ ಸ್ಯಾಕರೋಮೀಟರ್ (ಬ್ರೂವರ್‌ಗಳ ಹೈಡ್ರೋಮೀಟರ್) ಲೆಕ್ಕ ಬರೆದು ಅಚ್ಚು ಹಾಕಿಸಿದ್ದು 1784ರಲ್ಲಿ. ಯೀಸ್ಟ್ ಜೀವಂತ ವಸ್ತು, ಹುದುಗಿಸೋದು ಅದೇ ಅಂತ ಪಾಶ್ಚರ್ ಸಾಧಿಸಿ ತೋರಿಸೋಕೆ ಇನ್ನೂ ಎಪ್ಪತ್ತು ವರ್ಷ ಇತ್ತು. ಒಳಗೆ ಏನು ನಡೀತಿದೆ ಅಂತ ಗೊತ್ತಾಗೋಕೆ ಮುಂಚೆನೇ ಎಲ್ಲಿ ನಿಂತಿದೆ ಅಂತ ಅಳೆಯೋದನ್ನ ಕಲಿತಿದ್ರು.

ಹಳೇಪೀಪಾಯಿ
ಇದು ಗೊತ್ತಿರಲಿಲ್ಲ. ಒಳ್ಳೇ ಮಾಹಿತಿ.

ಹೊಸಬಕೆಟ್
ನಾಲ್ಕು ದಿನ ಆದ್ಮೇಲೆ ಬರೀತಿದ್ದೀನಿ. ಬಕೆಟ್ ಎತ್ತಿ ಮರದ ಮಣೆ ಮೇಲಿಟ್ಟೆ, ಎರಡು ಕಂಬಳಿ ಸುತ್ತಿದೆ, ಒಂದು ದಿನದಲ್ಲಿ 20ಕ್ಕೆ ಬಂತು. ಅಲ್ಲಾಡಿಸಿದ ದಿನ ರಾತ್ರಿ ಏರ್‌ಲಾಕ್ ಮತ್ತೆ ಶುರು, ಹತ್ತು ಸೆಕೆಂಡಿಗೊಂದು. ಬಕೆಟ್ ಪ್ಲಾಸ್ಟಿಕ್ ಸ್ವಲ್ಪ ಪಾರದರ್ಶಕ ಇದೆ, ಟಾರ್ಚ್ ಬಿಟ್ಟು ನೋಡಿದ್ರೆ ಬದಿಯಲ್ಲಿ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಸಾಲಾಗಿ ಮೇಲೇರ್ತಾ ಇದ್ವು, ಅರ್ಧ ಗಂಟೆ ಅಲ್ಲೇ ಕೂತು ನೋಡಿದೆ.

ಫಾಸ್ಟ್ ಫರ್ಮೆಂಟ್ ಬಾಟಲಿ 20 ಡಿಗ್ರಿಗೆ ತಂದು ಗ್ಯಾಸ್ ತೆಗೆದು ಅಳೆದೆ. 1.008, ಅಂದ್ರೆ 3 ಸೇರಿಸಿ 1.011. ಬಕೆಟಿಂದು ಇವತ್ತು 1.011, ಸರಿ ಮಾಡಿದ್ರೆ 1.014. ಇನ್ನೂ 3 ಪಾಯಿಂಟ್ ಇದೆ ಅಂತಾಯ್ತು.

ಜವಾರಿಯೀಸ್ಟ್
ಭೇಷ್. ಇನ್ನ ಅವಸರ ಮಾಡಬ್ಯಾಡ್ರಿ. ಆ ಕಂಬಳಿ ತಗೀಬ್ಯಾಡ್ರಿ.

ಗಾಜುಚೂರು
ಓದಿ ಸಮಾಧಾನ ಆಯ್ತು. ತುಂಬುವಾಗ ಒಂದು ಬಾಟಲಿ ಮಾತ್ರ ಸೋಡಾ ಬರೋ ಪ್ಲಾಸ್ಟಿಕ್ ಬಾಟಲಿಗೆ ತುಂಬಿ. ದಿನಾ ಹಿಸುಕಿ ನೋಡಬಹುದು. ಕಲ್ಲಿನಂತೆ ಗಟ್ಟಿ ಆದ್ರೆ ಉಳಿದವೆಲ್ಲ ಫ್ರಿಜ್ಜಿಗೆ ಹೋಗೋ ಟೈಮು ಅಂತ ಅರ್ಥ. ನಾನು ಆವತ್ತಿಂದ ಒಂದು ಬ್ಯಾಚಿಗೂ ಇದನ್ನ ತಪ್ಪಿಸಿಲ್ಲ. ಮತ್ತೆ ಗ್ಯಾಸ್ ಇಲ್ಲದ ಪಾನೀಯ ಬಂದಿದ್ದ ತೆಳು ಗಾಜಿನ ಬಾಟಲಿ ಯಾವುದೂ ಬೇಡ, ಎಷ್ಟು ಚೆನ್ನಾಗಿ ಕಂಡ್ರೂ ಬೇಡ.

ನೊರೆಮೀಸೆ
ಹೈಡ್ರೋಮೀಟರ್ ಹೊಸತು ತಗೊಳ್ತೀರಾ ಅಥವಾ 3 ಸೇರಿಸಿಕೊಂಡೇ ಹೋಗುವುದಾ? ಆ ಕಾಗದ ಇನ್ನೂ ಜಾರಬಹುದು ಮಾರಾಯ್ರೆ.

ಹೊಸಬಕೆಟ್
ಹೊಸದು ತರಿಸ್ತೀನಿ. ಅಲ್ಲಿವರೆಗೆ ಪ್ರತಿ ಸಲ ಮೊದಲು ನೀರಲ್ಲಿ ಹಾಕಿ ನೋಡಿ ಆಮೇಲೆ ಬಿಯರಿಗೆ ಹಾಕ್ತಿದ್ದೀನಿ.

ಹೊಸಬಕೆಟ್
ಹದಿನೆಂಟನೇ ದಿನ. ಹದಿನೈದಕ್ಕೆ 1.012, ಇವತ್ತೂ 1.012, ಇದು 3 ಸೇರಿಸಿದ ಲೆಕ್ಕ. ಟೆಸ್ಟ್ ಬಾಟಲಿಗಿಂತ ಒಂದೇ ಪಾಯಿಂಟ್ ಮೇಲೆ. 52ರಲ್ಲಿ 40 ಹೋಗಿದೆ, 77%. ಆಲ್ಕೋಹಾಲ್ 40ನ್ನ 0.131ರಿಂದ ಗುಣಿಸಿದ್ರೆ 5.2% ಬಂತು. ಲಕ್ಷ್ಮಿ ಅಕ್ಕ ಹೇಳಿದ ಬಿಸಿನೀರಿನ ಪರೀಕ್ಷೆಯನ್ನೂ ಮಾಡಿದೆ, ಎರಡು ಜಾಡಿಗೂ ವಾಸನೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಎಂಟನೇ ದಿನ ಕುಡಿದು ನೋಡಿದಾಗ ನಾಲಿಗೆಗೆ ಜಿಗುಟು ಸಿಹಿ ಇತ್ತು, ಈಗ ಅದಿಲ್ಲ, ಹಾಪ್ ಕಹಿ ಈಗ ಎದ್ದು ಕಾಣ್ತಿದೆ. ತುಂಬಲಾ?

ಮಾಲ್ಟ್‌ರಾಯ
ತುಂಬಿ. ಆ ಒಂದು ಪಾಯಿಂಟ್ ಬಗ್ಗೆ ಚಿಂತೆ ಬೇಡ, ಬೆಚ್ಚಗಿಟ್ಟ ಟೆಸ್ಟ್ ಬಾಟಲಿ ಯಾವಾಗಲೂ ಒಂದು ಕೂದಲು ಕೆಳಗೇ ಹೋಗುತ್ತೆ. ಪ್ರೈಮಿಂಗ್ ಸಕ್ಕರೆ (ಬಾಟಲಿಯಲ್ಲಿ ಗ್ಯಾಸ್ ಬರಲಿ ಅಂತ ಹಾಕೋದು) ಲೀಟರಿಗೆ 6 ಗ್ರಾಂ ದಾಟಬೇಡಿ, ತೂಕ ಮಾಡಿ ಹಾಕಿ, ಚಮಚದ ಲೆಕ್ಕ ಬೇಡ.

ಹಳೇಪೀಪಾಯಿ
ತುಂಬಪ್ಪ, ಚೆನ್ನಾಗಿ ಬರಲಿ. ನಾನೂ ಒಂದು ಹೈಡ್ರೋಮೀಟರ್ ತರಿಸಿದ್ದೀನಿ. ನೀರಲ್ಲಿ ಹಾಕಿ ನೋಡ್ದೆ, ಸರಿಯಾಗಿ 1.000 ಇದೆ. ಮೂರನೇ ವಾರ ದಾಟಿರೋ ನನ್ನ ಬ್ಯಾಚಿಗೆ ಹಾಕಿದ್ರೆ 1.010. ನಾಳಿದ್ದು ಇನ್ನೊಂದು ಸಲ ನೋಡಿ ತುಂಬ್ತೀನಿ.

ಸೇಬುರಸ
ಹೊಸಬ ನಾನು, ಸೈಡರ್ (ಹುದುಗಿಸಿದ ಸೇಬಿನ ರಸ) ಮಾಡ್ತಿದ್ದೀನಿ. ನಂದು 1.004ರಲ್ಲಿದೆ, ನೀವೆಲ್ಲ ಹೇಳೋ 1.012ಕ್ಕಿಂತ ಕೆಳಗೇ ಹೋಗಿದೆ, ಅಂದ್ರೆ ಮುಗಿದಂಗಾ?

ಜವಾರಿಯೀಸ್ಟ್
ಇಲ್ಲ. ಹಣ್ಣಿನ ರಸದಾಗ ಡೆಕ್ಸ್‌ಟ್ರಿನ್ ಇರೂದಿಲ್ಲ, ಇದ್ದ ಸಕ್ಕರಿ ಹೆಚ್ಚೂಕಮ್ಮಿ ಎಲ್ಲಾ ಯೀಸ್ಟಿನ ಹೊಟ್ಟಿಗೇ. ಸೈಡರ್ 1.000 ತನಕ, ಅದಕ್ಕಿಂತ ಕೆಳಗೂ ಇಳೀತೈತಿ. ಮೂರು ದಿನ ಬಿಟ್ಟು ಮತ್ತ ಅಳೀರಿ, ಮೊದಲ ಮೀಟರ್ ನೀರಾಗ ಹಾಕಿ ನೋಡ್ರಿ.